ನೋಟದ ಬೆಲೆ, ಬರೆಯ ಹೊಣೆ: ಮಡಿಕೇರಿಯಲ್ಲಿ ಮನೆ ಕೊಳ್ಳುವುದನ್ನು ಕುರಿತ ಸಂವಾದ

ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಬೆಟ್ಟದ ಏಣುಗಳ ಮೇಲೂ ಅವುಗಳಿಂದ ಇಳಿಯುವ ಜಾರುಗಳ ಮೇಲೂ ಹಬ್ಬಿಕೊಂಡಿರುವ ಮಡಿಕೇರಿಯು ಕೊಡಗು ಜಿಲ್ಲೆಯ ಆಡಳಿತ ಕೇಂದ್ರವಾಗಿದ್ದರೂ 2011ರ ಜನಗಣತಿಯ ಹೊತ್ತಿಗೆ 33,000ದಷ್ಟು ಜನರಿದ್ದ ಸಣ್ಣ ಪಟ್ಟಣ. ನಿವೃತ್ತಿಯಾದವರು, ಮನೆಯಿಂದಲೇ ಕೆಲಸ ಮಾಡುವ ಸೌಕರ್ಯ ದೊರೆತವರು, ಬೆಂಗಳೂರಿನ ದೂಳಿನಿಂದ ಬೇಸತ್ತವರು ಇಲ್ಲೊಂದು ಮನೆಯನ್ನು ಬಯಸುವುದು ಕೆಲವು ದಶಕಗಳಿಂದ ಹೆಚ್ಚುತ್ತ ಬಂದಿದೆ. ಅಂಥ ಬಯಕೆಯುಳ್ಳವರ ವಾದವನ್ನೂ, ಊರಿನಲ್ಲೇ ಬಾಳಿ ಅಲ್ಲಿನ ಮಣ್ಣನ್ನೂ ಭೂದಾಖಲೆಗಳನ್ನೂ ಬಲ್ಲವರ ವಾದವನ್ನೂ ಎದುರುಬದುರಾಗಿ ಇರಿಸಿ ನೋಡುವುದು ಈ ಪ್ರಬಂಧದ ಉದ್ದೇಶ. ಮಾತನಾಡುವವರು ಇಬ್ಬರು, ಅವರನ್ನು ‘ಕೊಳ್ಳುವವರು’, ‘ಊರಿನವರು’ ಎಂದಷ್ಟೇ ಇಲ್ಲಿ ಗುರುತಿಸಲಾಗಿದೆ.

ಕೊಳ್ಳುವವರು: ಮಡಿಕೇರಿಯಲ್ಲಿ ನಿವೇಶನ ಹುಡುಕುವವರು ಸಹಜವಾಗಿಯೇ ಕಣಿವೆಯ ಕಡೆಗೆ ಮುಖ ಮಾಡಿದ ಜಾಗವನ್ನು ಕೇಳುತ್ತಾರೆ, ಮಾರುವವರೂ ಅಂಥ ಜಾಗಕ್ಕೆ ಹೆಚ್ಚಿನ ಬೆಲೆ ಹೇಳುತ್ತಾರೆ. ರಾಜಾಸೀಟಿನಲ್ಲಿ ನಿಂತು ಸಂಜೆಯ ಮಂಜನ್ನು ನೋಡಿದವರು ಅದೇ ನೋಟವನ್ನು ತಮ್ಮ ಮನೆಯ ಜಗಲಿಯಿಂದಲೂ ಕಾಣಬೇಕೆಂದು ಬಯಸಿದರೆ ಅದನ್ನು ಅತ್ಯಾಸೆಯೆಂದು ಹೇಗೆ ಕರೆಯುವುದು?

ಊರಿನವರು: ಬಯಕೆಯನ್ನು ಯಾರೂ ಆಕ್ಷೇಪಿಸುವುದಿಲ್ಲ, ಆದರೆ ನೋಟ ಚೆನ್ನಾಗಿರುವ ಜಾಗವೆಂದರೆ ಬಹುಮಟ್ಟಿಗೆ ಇಳಿಜಾರಿನ ಜಾಗವೆಂಬುದನ್ನು ತಾವು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಕೊಡಗಿನ ಅರಸ ಮುದ್ದುರಾಜನು ಇಲ್ಲಿ ಕೋಟೆ ಕಟ್ಟಿಸಿ ರಾಜಧಾನಿ ಮಾಡಿಕೊಂಡಾಗ ಎತ್ತರದಲ್ಲಿ ಸಿಕ್ಕ ಒಂದಿಷ್ಟು ಮಟ್ಟಸ ನೆಲವನ್ನೇ ಆರಿಸಿಕೊಂಡನು. ಆ ನೆಲ ತುಂಬಿದ ಮೇಲೆ ಊರು ಬೆಳೆದದ್ದೆಲ್ಲ ಜಾರಿನ ಮೇಲೆಯೇ. ಜಾರಿನಲ್ಲಿ ಮನೆಗೆ ಬೇಕಾದ ಸಮತಟ್ಟನ್ನು ಮಾಡಲು ಮೇಲ್ಭಾಗದ ಮಣ್ಣನ್ನು ಕಡಿದು ಕೆಳಭಾಗಕ್ಕೆ ಸುರಿಯುತ್ತಾರೆ. ಹಾಗೆ ಕಡಿದಾಗ ಮನೆಯ ಹಿಂದೆ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆಗೆ ಕೊಡಗಿನಲ್ಲಿ ‘ಬರೆ’ ಎನ್ನುತ್ತಾರೆ. ಕೊಳ್ಳುವವರು ಮನೆಯ ಮುಂದಿನ ನೋಟಕ್ಕೆ ಹಣ ಕೊಡುತ್ತಾರೆ, ಆದರೆ ಮನೆ ಉಳಿಯುವುದು ಹಿಂದಿನ ಬರೆಯ ಗಟ್ಟಿತನದಿಂದ.

ಕೊಳ್ಳುವವರು: ಮಣ್ಣಿನ ಗೋಡೆ ಕುಸಿಯದಂತೆ ತಡೆಗೋಡೆ ಕಟ್ಟಿದರೆ ಸಮಸ್ಯೆ ತೀರಿತಲ್ಲವೇ? ಎಂಜಿನಿಯರುಗಳು ಅದಕ್ಕೆಂದೇ ಇದ್ದಾರೆ, ಸಿಮೆಂಟು ಮತ್ತು ಕಬ್ಬಿಣ ಈಗ ಎಲ್ಲಿ ಬೇಕಾದರೂ ದೊರೆಯುತ್ತವೆ.

ಊರಿನವರು: ತಡೆಗೋಡೆ ಮಣ್ಣನ್ನು ತಡೆಯಬಲ್ಲದು, ನೀರನ್ನು ತಡೆಯಲಾರದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ, ಎಂದರೆ ಬೆಂಗಳೂರಿನ ಸುಮಾರು ಮೂರು ಪಟ್ಟು ಮಳೆ ಬೀಳುತ್ತದೆ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಇಲ್ಲಿನ ಮೇಲ್ಪದರದ ಕೆಮ್ಮಣ್ಣು ನೀರನ್ನು ಬೇಗ ಕುಡಿಯುತ್ತದೆ. ಅನೇಕ ಕಡೆ ಅದರ ಕೆಳಗೆ ಬಂಡೆ ಕೊಳೆತು ಆದ, ಕರಾವಳಿ ಮತ್ತು ಘಟ್ಟದ ಸೀಮೆಯಲ್ಲಿ ಶೇಡಿಮಣ್ಣು ಎಂದು ಕರೆಯುವ ನುಣುಪಾದ ಜೇಡಿಯ ಪದರವಿರುತ್ತದೆ. ಇಂಗಿದ ನೀರು ಆ ಪದರದ ಮೇಲೆ ನಿಂತು ಮಣ್ಣಿನ ಕಣಗಳ ನಡುವೆ ಒತ್ತಡ ಹೆಚ್ಚಿಸಿದಾಗ ಕಣಗಳ ಹಿಡಿತ ಸಡಿಲಗೊಂಡು, ಮರಗಿಡಗಳ ಸಮೇತ ಇಡೀ ಮೈಯೇ ಜಾರಿ ಬರುತ್ತದೆ. ಜಾರಿನ ಬುಡವನ್ನು ಮೊದಲೇ ಕಡಿದಿದ್ದರೆ ಅದನ್ನು ಹಿಡಿದು ನಿಲ್ಲಿಸುವ ಆಸರೆಯೂ ಇರುವುದಿಲ್ಲ. ಆದಕಾರಣ ತಡೆಗೋಡೆಯಲ್ಲಿ ನೀರು ಹೊರಬರಲು ಸಾಲುಸಾಲಾಗಿ ಕೊಳವೆಯ ಕಂಡಿಗಳನ್ನು ಬಿಡುವುದೂ, ಅದರ ಹಿಂದೆ ಜಲ್ಲಿ ತುಂಬುವುದೂ, ಬರೆಯ ನೆತ್ತಿಯಲ್ಲಿ ಚರಂಡಿ ತೆಗೆದು ಮೇಲಿನ ನೀರನ್ನು ಬೇರೆಡೆಗೆ ತಿರುಗಿಸುವುದೂ ಗೋಡೆಯಷ್ಟೇ ಮುಖ್ಯವಾದ ಕೆಲಸಗಳು.

ಕೊಳ್ಳುವವರು: ಹಾಗಾದರೆ ಕಟ್ಟಿರುವ ಮನೆಯನ್ನು ನೋಡಲು ಹೋದವರು ಅದರ ಹಿಂಭಾಗದಲ್ಲಿ ಏನನ್ನು ಗಮನಿಸಬೇಕು?

ಊರಿನವರು: ಹಿತ್ತಿಲ ಗೋಡೆಗೂ ಬರೆಗೂ ನಡುವೆ ಒಬ್ಬ ಮನುಷ್ಯ ಸಲೀಸಾಗಿ ಓಡಾಡುವಷ್ಟಾದರೂ ತೆರಪಿದೆಯೇ, ಇದ್ದರೆ ಅಲ್ಲಿ ಬಿದ್ದ ಮಣ್ಣನ್ನು ಆಗಾಗ ತೆಗೆದ ಗುರುತಿದೆಯೇ ಎಂಬುದನ್ನು ಮೊದಲು ನೋಡಬೇಕು. ಜುಲೈ ತಿಂಗಳ ಮಳೆಯಲ್ಲಿ ತಡೆಗೋಡೆಯ ಕಂಡಿಗಳಿಂದ ತಿಳಿನೀರು ಜಿನುಗುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಕಂಡಿಗಳು ಒಣಗಿದ್ದು ಗೋಡೆ ಮಾತ್ರ ಉಬ್ಬಿದಂತೆ ಕಂಡರೆ ನೀರು ಹಿಂದೆಯೇ ಕಟ್ಟಿಕೊಂಡಿದೆಯೆಂದು ತಿಳಿಯಬೇಕು, ಕೆಸರುನೀರು ಬರುತ್ತಿದ್ದರೆ ಒಳಗಿನ ಮಣ್ಣು ತೊಳೆದುಹೋಗುತ್ತಿದೆಯೆಂದು ತಿಳಿಯಬೇಕು. ಬರೆಯ ಮೇಲಿನ ಸಿಲ್ವರ್ ಓಕ್ ಮರಗಳು ಒಂದೇ ದಿಕ್ಕಿಗೆ ವಾಲಿದ್ದರೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿದ್ದು ಅದರ ಮೇಲೆ ಹೊಸ ಬಣ್ಣ ಬಳಿದಿದ್ದರೆ, ಮೊದಲು ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿದ್ದರೆ ನೆಲ ಸರಿಯುತ್ತಿರಬಹುದೆಂದು ಶಂಕಿಸಬೇಕು. ಕೊಳ್ಳುವವರು ಸಾಮಾನ್ಯವಾಗಿ ಮನೆ ನೋಡಲು ಬರುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಹಿತವಾದ ಹವೆಯಲ್ಲಾದ್ದರಿಂದ ಈ ಲಕ್ಷಣಗಳಲ್ಲಿ ಅರ್ಧದಷ್ಟು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಕೊಳ್ಳುವವರು: 2018ರ ಆಗಸ್ಟ್ ತಿಂಗಳ ಭೂಕುಸಿತದ ದುರಂತವನ್ನು ಮನಸ್ಸಿನಲ್ಲಿಟ್ಟುಕೊಂಡು ತಾವು ಹೀಗೆ ಹೇಳುತ್ತಿರುವಂತಿದೆ. ಆ ವರ್ಷದ ಮಳೆ ಅಸಾಮಾನ್ಯವಾಗಿತ್ತು. ಅಪರೂಪಕ್ಕೊಮ್ಮೆ ಒದಗುವ ವಿಪತ್ತಿನಿಂದ ನಿತ್ಯದ ನಿಯಮವನ್ನು ಕಟ್ಟಲಾಗದು. ಬೆಂಗಳೂರಿನಲ್ಲೂ ಕೆರೆಯಂಗಳದ ಬಡಾವಣೆಗಳಿಗೆ ನೀರು ನುಗ್ಗುತ್ತದೆ, ಆದರೂ ಜನ ಅಲ್ಲಿ ಮನೆ ಕೊಳ್ಳುವುದನ್ನು ಬಿಟ್ಟಿಲ್ಲ.

ಊರಿನವರು: ಮಳೆ ಅಸಾಮಾನ್ಯವಾಗಿತ್ತೆಂಬುದು ನಿಜ, ಆದರೆ ಮಳೆಯೊಂದೇ ಕಾರಣವಾಗಿರಲಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಜೋಡುಪಾಲ ಮೊದಲಾದ ಕಡೆ ಬೆಟ್ಟಗಳು ಕುಸಿದ ಮೇಲೆ ಅಧ್ಯಯನ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ರಸ್ತೆ, ಮನೆ, ತೋಟಗಳಿಗಾಗಿ ಇಳಿಜಾರನ್ನು ಮನುಷ್ಯರು ಬದಲಿಸಿದ್ದನ್ನೂ ಕಾರಣವಾಗಿ ಎತ್ತಿ ತೋರಿಸಿತು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ, 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದಲ್ಲಿ ನಡೆದ ಕುಸಿತಗಳು ಜೀವಗಳನ್ನು ಬಲಿ ತೆಗೆದುಕೊಂಡವು. ಅಪರೂಪವೆಂಬ ಮಾತಿಗೆ ಈಗ ಮೊದಲಿನಷ್ಟು ಬಲವಿಲ್ಲ. ಬೆಂಗಳೂರಿನ ನೆರೆಗೂ ಇಲ್ಲಿನ ಕುಸಿತಕ್ಕೂ ಇರುವ ವ್ಯತ್ಯಾಸವೆಂದರೆ, ನೆರೆ ಇಳಿದ ಮೇಲೆ ನಿವೇಶನ ಅಲ್ಲೇ ಉಳಿಯುತ್ತದೆ, ಕುಸಿತದ ಬಳಿಕ ನಿವೇಶನವೇ ಇರುವುದಿಲ್ಲ. ಮನೆ ಕಳೆದುಕೊಂಡವರಿಗೆ ಸರ್ಕಾರವು ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಬೇರೆ ನೆಲವನ್ನೇ ಹುಡುಕಿ ಮನೆ ಕಟ್ಟಿಸಬೇಕಾಗಿ ಬಂದದ್ದು ಆ ಕಾರಣಕ್ಕಾಗಿ.

ಕೊಳ್ಳುವವರು: ನೆಲದ ವಿಷಯ ಇಷ್ಟಾದರೆ ಕಾಗದಪತ್ರದ ವಿಷಯವೇನು? ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದೆಂದಾಗಿದೆ. ಆದ್ದರಿಂದ ಹಿಂದಿನಷ್ಟು ತೊಡಕು ಈಗ ಇರಲಾರದು.

ಊರಿನವರು: ಕೊಳ್ಳುವ ಅರ್ಹತೆಯ ತೊಡಕು ಕಡಿಮೆಯಾಗಿದೆ, ಮಾರುವ ಹಕ್ಕಿನ ತೊಡಕು ಹಾಗೆಯೇ ಇದೆ. ಕೊಡಗಿನ ಹಿಡುವಳಿಗಳು ರಾಜ್ಯದ ಉಳಿದ ಜಿಲ್ಲೆಗಳ ಹಿಡುವಳಿಗಳಂತಲ್ಲ. ಅರಸರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ, ಕಡಿಮೆ ಕಂದಾಯದ ಮೇಲೆ ಕೊಟ್ಟ ಭೂಮಿಗೆ ‘ಜಮ್ಮ’ ಎಂದು ಹೆಸರು. ಪೂರ್ಣ ಕಂದಾಯದ ಭೂಮಿ ‘ಸಾಗು’. ಗದ್ದೆಗೆ ಹೊಂದಿಕೊಂಡಂತೆ ಸೊಪ್ಪು, ಸೌದೆ, ಮೇವಿಗೆಂದು ಬಿಟ್ಟ ಮರಗಾಡು ‘ಬಾಣೆ’; ಇಂಥ ಬಾಣೆಗಳಲ್ಲಿ ಎಷ್ಟೋ ಮುಂದೆ ಕಾಫಿ ತೋಟಗಳಾದವು. ಸರ್ಕಾರದ ಪಾಳುಭೂಮಿಗೆ ‘ಪೈಸಾರಿ’ ಎನ್ನುತ್ತಾರೆ. 1899ರ ಕೊಡಗು ಭೂಕಂದಾಯ ನಿಬಂಧನೆಯು ಈ ವಿಂಗಡಣೆಗಳಿಗೆ ಕಾನೂನಿನ ರೂಪ ಕೊಟ್ಟಿತು. 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಗಿ, 1964ರ ಭೂಕಂದಾಯ ಕಾಯ್ದೆ ಬಂದ ಮೇಲೂ ಪಹಣಿಯಲ್ಲಿ, ಎಂದರೆ ಹಕ್ಕು ಮತ್ತು ಬೆಳೆಯ ವಿವರವಿರುವ ದಾಖಲೆಯಲ್ಲಿ, ಈ ಪದಗಳು ಉಳಿದುಕೊಂಡವು.

ಕೊಳ್ಳುವವರು: ಹಳೆಯ ಪದಗಳು ಪಹಣಿಯಲ್ಲಿ ಉಳಿದ ಮಾತ್ರಕ್ಕೆ ಕೊಳ್ಳುವವರಿಗೆ ಆಗುವ ನಷ್ಟವೇನು?

ಊರಿನವರು: ಜಮ್ಮ ಹಿಡುವಳಿಯ ಪಹಣಿಯಲ್ಲಿ ಕುಟುಂಬದ ಹಿರಿಯನಾದ ‘ಪಟ್ಟೆದಾರ’ನ ಹೆಸರು, ಎಷ್ಟೋ ಸಲ ದಶಕಗಳ ಹಿಂದೆ ತೀರಿಹೋದವನ ಹೆಸರು, ಮೊದಲಿಗಿದ್ದು ಅದರ ಜೊತೆಗೆ ಪಾಲುದಾರರ ದೀರ್ಘ ಪಟ್ಟಿಯಿರುತ್ತದೆ. ಅವರಲ್ಲಿ ಒಬ್ಬರು ಮೈಸೂರಿನಲ್ಲಿ, ಇನ್ನೊಬ್ಬರು ವಿದೇಶದಲ್ಲಿ ಇರಬಹುದು; ಎಲ್ಲರ ಒಪ್ಪಿಗೆಯಿಲ್ಲದೆ ಆದ ಕ್ರಯವನ್ನು ಮುಂದೊಂದು ದಿನ ಯಾರಾದರೂ ಪ್ರಶ್ನಿಸುವುದಕ್ಕೆ ಅವಕಾಶವಿರುತ್ತದೆ ಮತ್ತು ಅಂಥ ಪಹಣಿಯ ಆಧಾರದ ಮೇಲೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ. ಮರಗಳ ವಿಷಯ ಇನ್ನೊಂದು. ಭೂಮಿಯ ಮೇಲಿನ ಮರಗಳ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿದ ಹಿಡುವಳಿಯನ್ನು ‘ರಿಡೀಮ್ಡ್’ ಎಂದೂ ಕಟ್ಟದಿರುವುದನ್ನು ‘ಅನ್‌ರಿಡೀಮ್ಡ್’ ಎಂದೂ ಕರೆಯುತ್ತಾರೆ. ಎರಡನೆಯದರಲ್ಲಿ ಭೂಮಿ ಕೊಂಡವರದಾದರೂ ಮರದ ಹಕ್ಕು ಸರ್ಕಾರದ್ದು. ಬಿಸಿಲು ಬೀಳಲೆಂದು ಅಂಗಳದ ಮರವೊಂದನ್ನು ಕಡಿಯಹೊರಟ ಹೊಸಬರು ಅರಣ್ಯ ಇಲಾಖೆಯ ಅನುಮತಿಗಾಗಿ ಅಲೆಯಬೇಕಾದಾಗಲೇ ಈ ಭೇದವನ್ನು ಅರಿಯುತ್ತಾರೆ.

ಕೊಳ್ಳುವವರು: ತೋಟದ ಭೂಮಿಯನ್ನು ಬಿಟ್ಟು ಊರೊಳಗಿನ ಸಣ್ಣ ನಿವೇಶನವನ್ನು ಕೊಂಡರೆ ಈ ಜಂಜಾಟಗಳಿಂದ ಪಾರಾಗಬಹುದೇ?

ಊರಿನವರು: ಬಹುಮಟ್ಟಿಗೆ ಪಾರಾಗಬಹುದು, ಆದರೆ ಅಲ್ಲಿಯೂ ನೋಡಬೇಕಾದದ್ದಿದೆ. ನಿವೇಶನವು ಕೃಷಿಭೂಮಿಯಿಂದ ಬಂದದ್ದಾದರೆ ಭೂಪರಿವರ್ತನೆಯ ಆದೇಶ, ಎಂದರೆ ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿಯು ಕೊಟ್ಟ ಅನುಮತಿ ಇರಬೇಕು. ದೊಡ್ಡ ಹಿಡುವಳಿಯ ತುಂಡಾದರೆ ಅದರ ಗಡಿಯನ್ನು ಅಳೆದು ಗುರುತಿಸಿದ 11ಇ ನಕ್ಷೆ ಇರಬೇಕು. ನಗರಸಭೆಯ ವ್ಯಾಪ್ತಿಯಲ್ಲಿ ಇ-ಖಾತೆ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆಗಳು, ಯೋಜನಾ ವ್ಯಾಪ್ತಿಯೊಳಗೆ ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇರಬೇಕು. ಆಸ್ತಿಯ ಮೇಲಿನ ಸಾಲ ಮತ್ತು ಹಿಂದಿನ ಕ್ರಯಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನು ಉಪನೋಂದಣಾಧಿಕಾರಿಯ ಕಚೇರಿಯಿಂದ ಹಲವು ವರ್ಷಗಳಿಗೆ ತೆಗೆಸಿ ನೋಡಬೇಕು. ಮೂಲತಃ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾಗಿದ್ದರೆ ಅದರ ಪರಭಾರೆಯನ್ನು ನಿಷೇಧಿಸುವ 1978ರ ಕಾಯ್ದೆ ಅಡ್ಡ ಬರುತ್ತದೆ. ಅಗ್ಗವಾಗಿ ಸಿಗುವ ಜಾಗದ ಹಿಂದೆ ಇಂಥದೊಂದು ಕಾರಣವಿರುವುದು ಅಪರೂಪವಲ್ಲ. ಊರಲ್ಲಿ ಅಳತೆಯ ಮಾತು ಸೆಂಟಿನಲ್ಲಿ ನಡೆಯುತ್ತದೆ. ನೂರು ಸೆಂಟು ಒಂದು ಎಕರೆ, ಒಂದು ಸೆಂಟು 435.6 ಚದರಡಿ; ಆದರೆ ಕಡಿದಾದ ಹತ್ತು ಸೆಂಟಿನಲ್ಲಿ ಮನೆ ನಿಲ್ಲಿಸಬಹುದಾದ ನೆಲ ಅದರ ಅರ್ಧವೂ ಇರಲಿಕ್ಕಿಲ್ಲ.

ಕೊಳ್ಳುವವರು: ಪಶ್ಚಿಮ ಘಟ್ಟಗಳ ಪರಿಸರ ಸೂಕ್ಷ್ಮ ಪ್ರದೇಶದ ಅಧಿಸೂಚನೆ ಅಂತಿಮವಾದರೆ ಕೊಡಗಿನಲ್ಲಿ ಮನೆ ಕಟ್ಟುವುದೇ ನಿಂತುಹೋಗುತ್ತದೆಂಬ ಭಯವನ್ನೂ ಹಲವರು ವ್ಯಕ್ತಪಡಿಸುತ್ತಾರೆ.

ಊರಿನವರು: ಆ ಭಯಕ್ಕೆ ಕರಡಿನಲ್ಲಿ ಆಧಾರವಿಲ್ಲ. ಕಸ್ತೂರಿರಂಗನ್ ಸಮಿತಿಯ 2013ರ ವರದಿಯನ್ನು ಆಧರಿಸಿ ಕೇಂದ್ರ ಸರ್ಕಾರ ಮತ್ತೆ ಮತ್ತೆ ಹೊರಡಿಸಿದ, 2024ರ ಜುಲೈ 31ರಂದು ಆರನೆಯ ಬಾರಿ ಹೊರಬಂದ ಕರಡು ಅಧಿಸೂಚನೆಯು ಗಣಿಗಾರಿಕೆ, ಕಲ್ಲುಕೋರೆ, ಮರಳುಗಾರಿಕೆಗಳ ಜೊತೆಗೆ 20,000 ಚದರ ಮೀಟರ್ ಮತ್ತು ಅದಕ್ಕೂ ಮೀರಿದ ನಿರ್ಮಾಣಗಳನ್ನು ತಡೆಯಲು ಹೊರಟಿದೆಯೇ ಹೊರತು ವಾಸದ ಒಂಟಿ ಮನೆಯನ್ನು ತಡೆಯಲು ಹೊರಟಿಲ್ಲ. ಸಣ್ಣ ಮನೆಗಳು ಒಟ್ಟುಗೂಡಿ ಮಾಡುವ ಹಾನಿಗೆ ಅದರಲ್ಲಿ ಮದ್ದಿಲ್ಲವೆಂಬುದೇ ಹೆಚ್ಚು ಚಿಂತಿಸಬೇಕಾದ ಸಂಗತಿ.

ಕೊಳ್ಳುವವರು: ಈವರೆಗಿನ ಮಾತು ಕೊಳ್ಳುವುದನ್ನು ಕುರಿತದ್ದಾಯಿತು, ಬಾಳುವುದನ್ನು ಕುರಿತು ತಾವೇನು ಹೇಳುತ್ತೀರಿ? ಸಣ್ಣ ಊರಿನಲ್ಲಿ ಅಂಗಡಿಯವರು ಹೆಸರು ಹಿಡಿದು ಮಾತನಾಡಿಸುತ್ತಾರೆ, ಎಲ್ಲವೂ ನಡೆದು ಹೋಗುವ ದೂರದಲ್ಲಿರುತ್ತದೆ. ಆ ಸುಖಕ್ಕೆ ಬೆಲೆಯಿಲ್ಲವೇ?

ಊರಿನವರು: ಖಂಡಿತವಾಗಿ ಇದೆ. ಶುಕ್ರವಾರದ ಸಂತೆಗೆ ಹಳ್ಳಿಗಳಿಂದ ತರಕಾರಿ ಬರುವುದು, ಮಹದೇವಪೇಟೆಯ ಅಂಗಡಿ ಸಾಲಿನಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಸಿಗುವುದು, ದಸರೆಯಲ್ಲಿ ನಾಲ್ಕು ಶಕ್ತಿ ದೇವತೆಗಳ ಕರಗಗಳು ಹೊರಟು ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಬೆಳಗಿನವರೆಗೂ ಬೀದಿಯಲ್ಲಿ ಸಾಗುವುದು ದೊಡ್ಡ ನಗರದಲ್ಲಿ ದೊರೆಯುವಂಥದ್ದಲ್ಲ. ಆದರೆ ಅದರ ಜೊತೆಗೆ ಮಳೆಗಾಲವೂ ಇದೆ. ಜೂನ್ ಕಳೆಯುವಷ್ಟರಲ್ಲಿ ಚಪ್ಪಲಿ, ಬೆಲ್ಟು, ಬೀರುವಿನೊಳಗಿನ ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿಯುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಆರದೆ ಒಲೆಯ ಮೇಲಿನ ಹಗ್ಗಕ್ಕೆ ಏರುತ್ತದೆ. ಮರ ಬಿದ್ದು ತಂತಿ ಹರಿದರೆ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಸಮತಟ್ಟಾದ ಕಾಂಕ್ರೀಟು ಚಾವಣಿ ಹಾಕಿದವರು ಒಂದೆರಡು ಮಳೆಗಾಲ ಸೋರಿದ ಮೇಲೆ ಅದರ ಮೇಲೊಂದು ಇಳಿಜಾರು ಶೀಟಿನ ಮಾಡು ಕಟ್ಟಿಸುತ್ತಾರೆ. ಮೊದಲೇ ಹೆಂಚಿನ ಮಾಡು ಮಾಡಿದ್ದರೆ ಆ ವೆಚ್ಚ ಉಳಿಯುತ್ತಿತ್ತು. ಇಷ್ಟು ಮಳೆಯ ಊರಿನಲ್ಲೂ ಮಾರ್ಚ್‌, ಏಪ್ರಿಲ್‌ಗಳಲ್ಲಿ ನೀರಿನ ಕೊರತೆ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಏಣಿನ ಮೇಲಿನ ಊರಿನಿಂದ ಮಳೆನೀರು ಬೇಗ ಕಣಿವೆಗೆ ಇಳಿದುಹೋಗುತ್ತದೆ. ಕುಡಿಯುವ ನೀರನ್ನು ಕೂಟುಪೊಳೆ, ಕುಂಡಾಮೇಸ್ತ್ರಿಗಳಂಥ ಕೆಳಗಿನ ತಾಣಗಳಿಂದ ಮೇಲಕ್ಕೆ ಎತ್ತಬೇಕಾಗುತ್ತದೆ.

ಕೊಳ್ಳುವವರು: ವಯಸ್ಸಾದವರಿಗೆ ಆಸ್ಪತ್ರೆಯ ದೂರವೇ ಮುಖ್ಯ ಪ್ರಶ್ನೆಯಾದೀತು.

ಊರಿನವರು: ಮಡಿಕೇರಿಯಲ್ಲಿ ಜಿಲ್ಲಾಸ್ಪತ್ರೆಯೂ 2016ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜೂ ಇರುವುದರಿಂದ ಸಾಮಾನ್ಯ ಚಿಕಿತ್ಸೆಗೆ ತೊಂದರೆಯಿಲ್ಲ; ಹೃದಯ ಅಥವಾ ಮೆದುಳಿನ ದೊಡ್ಡ ಚಿಕಿತ್ಸೆಗೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಇಲ್ಲವೇ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುವುದು ವಾಡಿಕೆ. ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ, 2018ರಲ್ಲಿ ಘಾಟಿಯ ಹೆದ್ದಾರಿ ಕುಸಿದು ಮಂಗಳೂರಿನ ನೇರ ದಾರಿ ಹಲವು ವಾರ ಮುಚ್ಚಿತ್ತು. ಆದ್ದರಿಂದ ನಿವೃತ್ತರು ಮನೆಯನ್ನು ಆರಿಸುವಾಗ ಕಣಿವೆಯ ನೋಟಕ್ಕಿಂತ ಮುಖ್ಯ ರಸ್ತೆಗೆ ಇರುವ ದೂರವನ್ನೂ, ಮನೆಗೆ ಹತ್ತಬೇಕಾದ ಮೆಟ್ಟಿಲುಗಳನ್ನೂ ಎಣಿಸುವುದು ವಿವೇಕ.

ಕೊಳ್ಳುವವರು: ತಮ್ಮ ಮಾತುಗಳಲ್ಲಿ ಒಂದು ಅನ್ಯಾಯವಿದೆ. ಬರೆ ಕಡಿಯುವುದು, ಕಣಿವೆಯಂಚಿನಲ್ಲಿ ಹೋಂಸ್ಟೇ ಕಟ್ಟುವುದು ಹೊರಗಿನವರಷ್ಟೇ ಮಾಡುವ ಕೆಲಸವಲ್ಲ. ಕಾಫಿಯ ಬೆಲೆ ಇಳಿದ ವರ್ಷಗಳಲ್ಲಿ ಊರಿನವರೇ ತೋಟದ ಅಂಚುಗಳನ್ನು ತುಂಡು ಮಾಡಿ ಮಾರಿದರು. ಮಕ್ಕಳು ಬೆಂಗಳೂರು ಸೇರಿದ ಮೇಲೆ ಹಿರಿಯರಿಗೆ ದೊಡ್ಡ ಹಿಡುವಳಿಯನ್ನು ನೋಡಿಕೊಳ್ಳುವುದು ಅಸಾಧ್ಯವಾಯಿತು. ಹೊರಗಿನ ಹಣ ಬಾರದಿದ್ದರೆ ಆ ಕುಟುಂಬಗಳ ಗತಿಯೇನಾಗುತ್ತಿತ್ತು?

ಊರಿನವರು: ಆ ಆಕ್ಷೇಪವನ್ನು ಒಪ್ಪಲೇಬೇಕು. ಮಣ್ಣಿಗೆ ಒಳಗಿನವರು ಹೊರಗಿನವರೆಂಬ ಭೇದ ತಿಳಿಯದು, ಜೆಸಿಬಿ ಯಾರು ತರಿಸಿದರೂ ಬರೆ ಒಂದೇ ರೀತಿಯಲ್ಲಿ ಕುಸಿಯುತ್ತದೆ. ಮಳೆಗಾಲದಲ್ಲಿ ಮಣ್ಣು ಅಗೆಯುವುದಕ್ಕೆ ಜಿಲ್ಲಾಡಳಿತವು ಹೇರುವ ನಿರ್ಬಂಧಗಳು ಎಲ್ಲರಿಗೂ ಅನ್ವಯಿಸಬೇಕು, ಅನ್ವಯಿಸುತ್ತವೆ ಕೂಡ. ಆದರೂ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಊರಲ್ಲೇ ಇರುವವರು ಜುಲೈ ತಿಂಗಳ ನಡುರಾತ್ರಿ ಗುದ್ದಲಿ ಹಿಡಿದು ಚರಂಡಿ ಬಿಡಿಸುತ್ತಾರೆ. ವರ್ಷಕ್ಕೆ ಎರಡು ವಾರ ಬಂದು ಹೋಗುವವರ ಮನೆಯ ಚರಂಡಿಯಲ್ಲಿ ಎಲೆ ಕಟ್ಟಿಕೊಂಡರೆ ಬಿಡಿಸುವವರಿಲ್ಲ, ಉಕ್ಕಿದ ನೀರು ಕೆಳಗಿನ ಮನೆಯ ಬರೆಯ ನೆತ್ತಿಗೆ ಇಂಗುತ್ತದೆ. ಇಳಿಜಾರಿನಲ್ಲಿ ಒಬ್ಬರ ಅಂಗಳವು ಇನ್ನೊಬ್ಬರ ಚಾವಣಿಗಿಂತ ಮೇಲಿರುವುದರಿಂದ ಬೀಗ ಹಾಕಿದ ಮನೆಯ ಅಪಾಯವನ್ನು ಹೊರುವುದು ಅದರ ಯಜಮಾನರಲ್ಲ, ಕೆಳಗಿನ ಮನೆಯವರು.

ಕೊಳ್ಳುವವರು: ಹಾಗಿದ್ದರೆ ಹೊಸಬರು ಕೊಳ್ಳಲೇಬಾರದೆಂಬುದು ತಮ್ಮ ತೀರ್ಮಾನವೇ?

ಊರಿನವರು: ಹಾಗಲ್ಲ, ಕೊಳ್ಳುವ ಕ್ರಮ ಬದಲಾಗಬೇಕೆಂಬುದು ತೀರ್ಮಾನ. ಮೊದಲು ಮೇ ತಿಂಗಳಲ್ಲಿ ಬಾಡಿಗೆಗೆ ಬಂದು ಸೆಪ್ಟೆಂಬರ್‌ವರೆಗೆ ಇರಬೇಕು. ಕೊಡವ ಪಂಚಾಂಗದಲ್ಲಿ ಕಕ್ಕಡ ಎಂದು ಕರೆಯುವ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಬಿರುಮಳೆಯ ತಿಂಗಳು ಆ ಅವಧಿಯಲ್ಲಿ ಸೇರಿರಬೇಕು. ಆ ಮೇಲೂ ಇರುವ ಮನಸ್ಸಿದ್ದರೆ ಹೊಸ ಬರೆ ಕಡಿಯದೆ, ಹತ್ತಾರು ಮಳೆಗಾಲ ಕಂಡು ನಿಂತಿರುವ ಹಳೆಯ ಮನೆಯನ್ನು ಹುಡುಕಿ ದುರಸ್ತಿ ಮಾಡಿಸಿಕೊಳ್ಳಬೇಕು. 2018ರಲ್ಲಿ ಅದು ಹೇಗಿತ್ತೆಂಬುದನ್ನು ಮಾರುವವರಿಗಿಂತ ನೆರೆಯವರನ್ನು ಕೇಳಿ ತಿಳಿಯಬೇಕು. ಮಳೆ ಅಷ್ಟಾಗಿ ಬೇಡವೆನ್ನುವವರು ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಇಳಿದು, ಮಳೆ ಬಹಳ ಕಡಿಮೆಯಿರುವ, ನೆಲ ಹೆಚ್ಚು ಮಟ್ಟಸವಾಗಿರುವ ಕುಶಾಲನಗರದ ಕಡೆಯನ್ನೂ ಯೋಚಿಸಬಹುದು.

ಕೊಳ್ಳುವವರು: ಡಿಸೆಂಬರ್‌ನಲ್ಲಿ ಮಾತ್ರ ಬರಬಯಸುವವರು ಏನು ಮಾಡಬೇಕು?

ಊರಿನವರು: ಅವರು ಬಾಡಿಗೆಗೆ ಬಂದು ಹೋಗಲಿ, ಅವರ ಹಣ ಊರಿಗೆ ಸಲ್ಲುತ್ತದೆ, ಅವರ ಬೀಗ ಯಾರ ತಲೆಯ ಮೇಲೂ ಇರುವುದಿಲ್ಲ. ಕೊಳ್ಳುವ ಹಕ್ಕು ಹಣವಿರುವ ಎಲ್ಲರಿಗೂ ಕಾನೂನಿನಲ್ಲಿ ಇದೆ; ಆದರೆ ಬೆಟ್ಟದ ಊರಿನಲ್ಲಿ ಮನೆಯ ಒಡೆತನವೆಂಬುದು ಮಳೆಗಾಲ ಪೂರ್ತಿ ತನ್ನ ಚರಂಡಿಯನ್ನು ತಾನೇ ನೋಡಿಕೊಳ್ಳುವೆನೆಂದು, ಇಲ್ಲವೇ ನೋಡಿಕೊಳ್ಳುವವರೊಬ್ಬರನ್ನು ಸಂಬಳ ಕೊಟ್ಟು ನೇಮಿಸುವೆನೆಂದು ಕೆಳಗಿನ ಮನೆಯವರಿಗೆ ಕೊಡುವ ಭರವಸೆಯೂ ಹೌದು. ಕ್ರಯಪತ್ರದಲ್ಲಿ ಅದಕ್ಕೊಂದು ಕಲಮಿಲ್ಲದಿರುವುದರಿಂದ, ಸಹಿ ಹಾಕುವ ಮೊದಲು ಅದನ್ನು ಕೊಳ್ಳುವವರೇ ಕೇಳಿಕೊಳ್ಳಬೇಕಾಗುತ್ತದೆ.